ಹಿತ್ತಲಿನ ಗೂಡು, ಹೆಂಗಸರ ಗಂಟು

ನಿಪ್ಪಾಣಿಯಿಂದ ಚಿಕ್ಕೋಡಿಯ ಕಡೆಗೆ ಬರುವ ದಾರಿಯಲ್ಲಿ ಒಂದೇ ವಸ್ತುವಿಗೆ ಎರಡು ಹೆಸರು. ಮರಾಠಿ ಆಡುವ ಮನೆಯ ಹಿತ್ತಲಲ್ಲಿ ಅದು 'ಖುರಾಡಾ'. ಕನ್ನಡದ ಮನೆಯಲ್ಲಿ 'ಕೋಳಿ ಗೂಡ'. ನಿಪ್ಪಾಣಿ ಯಾವ ರಾಜ್ಯಕ್ಕೆ ಸೇರಬೇಕೆಂಬ ತಕರಾರು 1956ರಿಂದಲೂ ನಡೆದೇ ಇದೆ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟ ಮೇಲೂ ಅದು ಮುಗಿಯಲಿಲ್ಲ, ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಗೂಡಿನ ಮಟ್ಟಿಗೆ ಇಂಥ ತಕರಾರೇನೂ ಇಲ್ಲ. ಗಡಿಯ ಆಚೆಗೂ ಈಚೆಗೂ ಅದೇ ಕಲ್ಲು, ಅದೇ ಮಣ್ಣು, ಅದೇ ಮುಂಗುಸಿಯ ಕಾಟ.

ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು ಇತ್ತೀಚಿನ ವರ್ಷಗಳಲ್ಲಿ ತಾಲ್ಲೂಕುಗಳಾದ ನಿಪ್ಪಾಣಿ, ಕಾಗವಾಡಗಳ ಇತಿಹಾಸ ಬರೆದವರು ವಾಡೆಗಳ ಬಗ್ಗೆ, ಬಸದಿಗಳ ಬಗ್ಗೆ, ತಂಬಾಕು ಮತ್ತು ಕಬ್ಬಿನ ಬಗ್ಗೆ ಬರೆದಿದ್ದಾರೆ. ಕೋಳಿ ಗೂಡಿನ ಬಗ್ಗೆ ಬರೆಯುವ ಗೋಜಿಗೆ ಹೋದವರು ಕಡಿಮೆ. ಅದಕ್ಕೆ ಕಾರಣವೂ ಇದೆ. ವಾಡೆ ಇನ್ನೂರು ವರ್ಷ ನಿಲ್ಲುತ್ತದೆ. ಮಣ್ಣು ಮೆತ್ತಿ, ಮೇಲೆ ಕಬ್ಬಿನ ರವದಿ ಹೊದಿಸಿದ ಗೂಡು ಎರಡು ಮಳೆಗಾಲ ಕಂಡರೆ ಹೆಚ್ಚು. ಅದಕ್ಕೆ ಶಾಸನವಿಲ್ಲ, ದಾನಪತ್ರವಿಲ್ಲ. ಹೀಗಾಗಿ ಅದರ ಕಥೆಯನ್ನು ಬೇರೆ ಬೇರೆ ಕಡೆಯಿಂದ ಕೂಡಿಸಿಕೊಳ್ಳಬೇಕಾಗುತ್ತದೆ: ಕಾಡಿನಿಂದ, ಒಂದು ಕಾವ್ಯದಿಂದ, ಒಂದು ರೋಗದಿಂದ, ಕೊನೆಗೆ ಸರಕಾರದ ಪರಿಹಾರದ ಪಟ್ಟಿಯಿಂದ.

ಮೊದಲು ಕಾಡಿನ ಮಾತು. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ ಎಂದು ಚಾರ್ಲ್ಸ್ ಡಾರ್ವಿನ್ 1868ರಲ್ಲೇ ಬರೆದಿದ್ದ. ಆ ಕೋಳಿ ನಮ್ಮ ಸೀಮೆಯದಲ್ಲ. ಹಿಮಾಲಯದ ತಪ್ಪಲಿನಿಂದ ಆಗ್ನೇಯ ಏಷ್ಯಾದವರೆಗೆ ಅದರ ನೆಲೆ. ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕ, ಕ್ರಿ.ಪೂ. 1650ರಿಂದ 1250ರ ನಡುವಿನ ಎಲುಬುಗಳೇ ಸಾಕುಕೋಳಿಯ ಖಚಿತವಾದ ಅತಿ ಹಳೆಯ ಗುರುತು ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಹಾಗಾದರೆ ಸಹ್ಯಾದ್ರಿಯ ಬೂದು ಕಾಡುಕೋಳಿಗೆ ಈ ವಂಶದಲ್ಲಿ ಪಾಲಿಲ್ಲವೆ? ಇದೆ. ಸಾಕುಕೋಳಿಗಳ ಕಾಲು ಮತ್ತು ಚರ್ಮದ ಹಳದಿ ಬಣ್ಣಕ್ಕೆ ಕಾರಣವಾದ ವಂಶವಾಹಿ ಬಂದದ್ದು ಕೆಂಪು ಕಾಡುಕೋಳಿಯಿಂದಲ್ಲ, ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಬೂದು ಕಾಡುಕೋಳಿ ಇರುವುದು ಭಾರತದ ದಕ್ಷಿಣ ಮತ್ತು ಪಶ್ಚಿಮ ಭಾಗದ ಕಾಡುಗಳಲ್ಲಿ. ನಿಪ್ಪಾಣಿಯಿಂದ ಪಶ್ಚಿಮಕ್ಕೆ ನಡೆದರೆ ಘಟ್ಟದ ಸಾಲು ದೂರವಿಲ್ಲ. ಜಗತ್ತಿನ ಯಾವ ದೇಶದ ಅಂಗಡಿಯಲ್ಲೇ ಹಳದಿ ಕಾಲಿನ ಕೋಳಿ ತೂಗುತ್ತಿರಲಿ, ಅದರ ಬಣ್ಣ ಈ ನೆಲದ್ದು ಎಂದು ಹೇಳಿಕೊಳ್ಳುವ ಹಕ್ಕು ನಮಗಿದೆ.

ಕೋಳಿ ಕನ್ನಡದ ಮನೆಯಂಗಳಕ್ಕೆ ಯಾವಾಗ ಬಂತೆಂದು ಹೇಳಲಾಗದಿದ್ದರೂ, ಹನ್ನೆರಡನೆಯ ಶತಮಾನದಲ್ಲಿ ಅದು ಎಲ್ಲರ ಕಣ್ಣಿಗೂ ಬೀಳುವ ಹಕ್ಕಿಯಾಗಿತ್ತು. ಒಂದು ಕುಟುಕು ಕಂಡರೂ ತನ್ನ ಬಳಗವನ್ನು ಕರೆಯುವ ಕೋಳಿಯನ್ನು ಬಸವಣ್ಣ ಒಂದು ವಚನದಲ್ಲಿ ಭಕ್ತರಿಗೆ ಮಾದರಿಯಾಗಿ ನಿಲ್ಲಿಸುತ್ತಾನೆ. ತಿಪ್ಪೆಯ ಮೇಲೆ ಕೆದರಿ, ಕೊಕ್ಕಿನಿಂದ ಕಾಳು ಎತ್ತಿ ಕೆಳಗೆ ಹಾಕಿ ಮರಿಗಳನ್ನು ಕರೆಯುವ ಹ್ಯಾಟಿಯನ್ನು ನೋಡಿದವರಿಗಷ್ಟೇ ಹೊಳೆಯುವ ಹೋಲಿಕೆ ಅದು.

ಅದಾಗಿ ಕೆಲವೇ ದಶಕಗಳಲ್ಲಿ, 1209ರಲ್ಲಿ, ಹೊಯ್ಸಳರ ಆಸ್ಥಾನದ ಜನ್ನ 'ಯಶೋಧರ ಚರಿತೆ' ಬರೆದ. ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯನ್ನು ರಟ್ಟರ ಮಂತ್ರಿ ಬೀಚಿರಾಜ ಕಟ್ಟಿಸಿ ಆಗ ಐದು ವರ್ಷವಾಗಿತ್ತಷ್ಟೆ. ಕಾವ್ಯದ ಕೇಂದ್ರದಲ್ಲಿರುವುದು ಹಿಟ್ಟಿನ ಒಂದು ಹುಂಜ. ದೋಷ ಪರಿಹಾರಕ್ಕೆ ಜೀವಬಲಿ ಬೇಕೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಜೀವ ತೆಗೆಯಲು ಒಲ್ಲದ ಮಗ ಯಶೋಧರ ಹಿಟ್ಟಿನ ಕೋಳಿಯನ್ನು ಬಲಿ ಕೊಡಲು ಒಪ್ಪುತ್ತಾನೆ. ಕತ್ತಿ ಬೀಳುವಾಗ ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಕೊಲ್ಲುವ ಸಂಕಲ್ಪ ಮಾಡಿದ್ದೇ ಹಿಂಸೆಯಾಗಿ, ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮದ ಮೇಲೆ ಜನ್ಮ ತಾಳುತ್ತಾರೆ. ಮತ್ತೆ ಮನುಷ್ಯರಾಗುವ ಮುನ್ನ ಕೋಳಿಗಳಾಗಿಯೂ ಹುಟ್ಟುತ್ತಾರೆ.

ಈ ಕಥೆಯನ್ನು ಇಲ್ಲಿ ನೆನೆಯುವುದಕ್ಕೆ ಕಾರಣ, ಈ ಐದು ತಾಲ್ಲೂಕುಗಳು ಕರ್ನಾಟಕದಲ್ಲಿ ಜೈನರು ಹೆಚ್ಚಾಗಿರುವ ಸೀಮೆಗಳಲ್ಲಿ ಸೇರುತ್ತವೆ. ನಿಪ್ಪಾಣಿ ಬಳಿಯ ಸ್ತವನಿಧಿ, ಆಚಾರ್ಯ ಶಾಂತಿಸಾಗರರ ಭೋಜ, ಆಚಾರ್ಯ ವಿದ್ಯಾನಂದರ ಶೇಡಬಾಳ ಎಲ್ಲವೂ ಇಲ್ಲಿಯವೇ. ಇಲ್ಲಿನ ಜೈನರು ಬರೀ ವ್ಯಾಪಾರಿಗಳಲ್ಲ, ನೇಗಿಲು ಹಿಡಿದ ಒಕ್ಕಲಿಗರು. ಅವರ ಪಕ್ಕದಲ್ಲೇ ಲಿಂಗಾಯತ ರೈತರು. ಎರಡೂ ಸಮುದಾಯಗಳ ಸಂಪ್ರದಾಯದಲ್ಲಿ ಮಾಂಸ, ತತ್ತಿ ವರ್ಜ್ಯ. ಹಾಗಾಗಿ ಕೋಳಿ ಗೂಡು ಊರಿನ ಎಲ್ಲ ಓಣಿಗಳಲ್ಲೂ ಕಾಣುವ ವಸ್ತುವಲ್ಲ. ಮರಾಠರು, ಕುರುಬರು, ಬೇಡರು, ಮುಸ್ಲಿಮರು, ದಲಿತರು ಇರುವ ಓಣಿಗಳಲ್ಲಿ ಅದು ಇರುತ್ತದೆ. ಪಕ್ಕದ ಓಣಿಯಲ್ಲಿ ಇರುವುದಿಲ್ಲ. 1884ರಲ್ಲಿ ಪ್ರಕಟವಾದ ಬೆಳಗಾವಿ ಜಿಲ್ಲೆಯ ಗೆಜೆಟಿಯರ್ ಜಾತಿ ಜಾತಿಯ ಮನೆ, ಉಡುಪು, ಊಟವನ್ನು ಪ್ರತ್ಯೇಕವಾಗಿ ಬರೆದಿಟ್ಟಿದೆ. ಅಷ್ಟು ದಪ್ಪದ ಪುಸ್ತಕ ಓದುವ ಪುರಸೊತ್ತಿಲ್ಲದವರು ಊರಿನ ಹಿತ್ತಲುಗಳ ಸಾಲು ನೋಡಿದರೂ ಅದರಲ್ಲಿನ ಅರ್ಧ ವಿಷಯ ತಿಳಿದೀತು.

ಕೋಳಿಗೆ ಮಾತ್ರ ಈ ಓಣಿಯ ಗೆರೆ ತಿಳಿಯದು. ನೆರೆಮನೆಯವರು ಅಂಗಳದಲ್ಲಿ ಒಣಹಾಕಿದ ಜೋಳವನ್ನು ಅದು ಕೆದರುತ್ತದೆ, ಸಾರಿಸಿದ ಕಟ್ಟೆಯ ಮೇಲೆ ಹಿಕ್ಕೆ ಹಾಕುತ್ತದೆ. ಹಳ್ಳಿಯ ಹಳೆಯ ಜಗಳಗಳಲ್ಲಿ ಕೋಳಿ ಜಗಳಕ್ಕೆ ದೊಡ್ಡ ಸ್ಥಾನವಿದೆ. ಗೂಡಿನ ಮುಂದೆ ಜಾಲಿ ಕಂಟಿಯನ್ನೋ, ತೊಗರಿ ಕಟ್ಟಿಗೆಯನ್ನೋ ನೆಟ್ಟು ಬೇಲಿ ಹಾಕುವ ರೂಢಿಗೆ ನರಿ, ನಾಯಿ ಎಷ್ಟು ಕಾರಣವೋ ನೆರೆಯವರ ಬೈಗುಳವೂ ಅಷ್ಟೇ ಕಾರಣವೆನ್ನಬಹುದು.

ಇನ್ನು ಗೂಡಿನ ರಚನೆ. ಎಲ್ಲಕ್ಕಿಂತ ಸರಳವಾದದ್ದು ಬುಟ್ಟಿ. ಮೇದಾರರು ಹೆಣೆದ ಬಿದಿರಿನ ದೊಡ್ಡ ಬುಟ್ಟಿಯನ್ನು ಸಂಜೆ ಕೋಳಿಗಳ ಮೇಲೆ ಬೋರಲು ಹಾಕಿ, ಮೇಲೊಂದು ಕಲ್ಲು ಏರಿದರೆ ಮುಗಿಯಿತು. ಹಗಲಲ್ಲಿ ಅದೇ ಬುಟ್ಟಿಯ ಕೆಳಗೆ ತಾಯಿ ಮತ್ತು ಮರಿಗಳನ್ನು ಇಟ್ಟರೆ ಹದ್ದಿನ ಭಯವಿಲ್ಲ. ಸಂದುಗಳಿಂದ ಗಾಳಿಯೂ ಬೆಳಕೂ ಬರುತ್ತವೆ. ಹತ್ತು ಕೋಳಿಗಿಂತ ಹೆಚ್ಚು ಇದ್ದವರು ದನದ ಕೊಟ್ಟಿಗೆಯ ಗೋಡೆಗೆ ಹೊಂದಿಸಿ ಕಲ್ಲು ಮಣ್ಣಿನ ಗೂಡು ಕಟ್ಟುತ್ತಿದ್ದರು. ಎರಡು ಅಡಿ ಎತ್ತರ, ಒಳಗೆ ಸಗಣಿ ಸಾರಿಸಿದ ನೆಲ, ಮುಂದೆ ಒಂದು ಕೋಳಿ ನುಸುಳುವಷ್ಟು ಕಂಡಿ. ಕತ್ತಲಾದ ಮೇಲೆ ಕಂಡಿಗೆ ಚಪ್ಪಡಿ ಕಲ್ಲು ಮುಚ್ಚಿ, ಅದಕ್ಕೊಂದು ಗುಂಡುಕಲ್ಲು ಒತ್ತು ಕೊಡಬೇಕು. ಒತ್ತು ಕೊಡಲು ಮರೆತ ರಾತ್ರಿಯೇ ಬೆಕ್ಕು ಬರುತ್ತದೆಂಬುದು ಎಲ್ಲ ಊರುಗಳ ಅನುಭವ.

ತತ್ತಿ ಇಡುವ ಜಾಗ ಸಾಮಾನ್ಯವಾಗಿ ಗೂಡಲ್ಲ, ಮನೆ. ಅಡುಗೆ ಮನೆಯ ಮೂಲೆಯಲ್ಲಿ ಬೂದಿ ಅಥವಾ ಹೊಟ್ಟು ಹಾಕಿದ ಬುಟ್ಟಿಗೆ ಹ್ಯಾಟಿ ತಾನೇ ಹುಡುಕಿಕೊಂಡು ಬರುತ್ತದೆ. ಕಾವಿಗೆ ಕೂರಿಸುವುದೂ ಅಲ್ಲೇ. ಹತ್ತು ಹನ್ನೆರಡು ತತ್ತಿ, ಇಪ್ಪತ್ತೊಂದು ದಿನ. ಬೇಸಿಗೆಯಲ್ಲಿ ತತ್ತಿ ಕೆಡುತ್ತವೆಂದು ಆ ಕಾಲದಲ್ಲಿ ಕಾವಿಗೆ ಕೂರಿಸಲು ಹಿಂಜರಿಯುತ್ತಾರೆ. ಈ ಲೆಕ್ಕವೆಲ್ಲ ಹೆಂಗಸರ ಬಾಯಿಲೆಕ್ಕ. ನಾಟಿ ಹ್ಯಾಟಿ ವರ್ಷಕ್ಕೆ ಇಡುವುದು ಅರವತ್ತರಿಂದ ಎಂಬತ್ತು ತತ್ತಿ. ಅದರಲ್ಲಿ ಕಾವಿಗೆಷ್ಟು, ಮಕ್ಕಳಿಗೆಷ್ಟು, ಸಂತೆಗೆಷ್ಟು ಎಂದು ಹಂಚುವವಳು ಮನೆಯಾಕೆ.

ಈ ಹಂಚಿಕೆಯ ಮಹತ್ವ ತಿಳಿಯಬೇಕಾದರೆ ಈ ಸೀಮೆಯ ಬೆಳೆಗಳನ್ನು ನೆನಪಿಸಿಕೊಳ್ಳಬೇಕು. ನಿಪ್ಪಾಣಿಯ ತಂಬಾಕಾಗಲಿ, ಕೃಷ್ಣೆಯ ದಂಡೆಯ ಕಬ್ಬಾಗಲಿ ವರ್ಷಕ್ಕೊಮ್ಮೆ ದುಡ್ಡು ತರುವ ಬೆಳೆಗಳು. ವ್ಯಾಪಾರಿಯಿಂದಲೋ ಕಾರ್ಖಾನೆಯಿಂದಲೋ ಬರುವ ಆ ದುಡ್ಡು ಗಂಡಸಿನ ಕೈಗೆ ಬರುತ್ತದೆ, ಸಾಲಕ್ಕೆ ಹೋಗುತ್ತದೆ. ತಂಬಾಕಿನ ದರಕ್ಕಾಗಿ 1981ರಲ್ಲಿ ನಿಪ್ಪಾಣಿಯ ರೈತರು ಹೆದ್ದಾರಿಯಲ್ಲಿ ಕುಳಿತು, ಗೋಲಿಬಾರಿನಲ್ಲಿ ಜೀವ ಕಳೆದುಕೊಂಡದ್ದು ಆ ದುಡ್ಡಿನ ಅನಿಶ್ಚಿತತೆಗೆ ಸಾಕ್ಷಿ. ತತ್ತಿಯ ದುಡ್ಡು ಹಾಗಲ್ಲ. ಅದು ಚಿಕ್ಕದು, ಆದರೆ ವಾರವಾರವೂ ಬರುವಂಥದು. ಉಪ್ಪು, ಎಣ್ಣೆ, ಬಳೆ, ಮಗುವಿನ ಔಷಧ ಅದರಲ್ಲಿ ಆಗುತ್ತವೆ. ಸೀರೆಯ ಸೆರಗಿನ ಗಂಟಿನಲ್ಲಿರುವ ಆ ಹಣದ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಹೊಲವಿಲ್ಲದವಳೂ ಕೋಳಿ ಸಾಕಬಲ್ಲಳು. ಕೊಳ್ಳಲು ಹಣವಿಲ್ಲದಿದ್ದರೆ ಆಡು ಕುರಿಗಳಂತೆ ಕೋಳಿಯನ್ನೂ ಪಾಲಿಗೆ ತಂದು, ಮರಿಗಳಲ್ಲಿ ಅರ್ಧ ಕೊಟ್ಟು ಅರ್ಧ ಉಳಿಸಿಕೊಳ್ಳುವ ಪದ್ಧತಿ ಇದೆ.

ಈ ಗಂಟಿಗೆ ಕಳ್ಳನಿದ್ದ. ಹೆಸರು ಕೊಕ್ಕರೆ ರೋಗ. ಒಮ್ಮೆ ಓಣಿಗೆ ಹೊಕ್ಕರೆ ಹಸಿರು ಭೇದಿ, ತಿರುಚಿದ ಕತ್ತು, ವಾರದೊಳಗೆ ಗೂಡುಗಳೆಲ್ಲ ಖಾಲಿ. 1920ರ ದಶಕದಲ್ಲಿ ಇದು ಜಾವಾದಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ, ನಮ್ಮ ಕುಮಾಂವ್ ಬೆಟ್ಟಗಳ ರಾಣಿಖೇತ್‌ನಲ್ಲಿ ಒಂದರ ಹಿಂದೊಂದು ಗುರುತಾಯಿತು. ಹೊರಗಿನವರು ಇದನ್ನು ನ್ಯೂಕ್ಯಾಸಲ್ ರೋಗ ಎನ್ನುತ್ತಾರೆ, ನಮ್ಮ ವೈದ್ಯರು ಇಂದಿಗೂ ರಾಣಿಖೇತ್ ಎನ್ನುತ್ತಾರೆ. 1940ರ ದಶಕದಲ್ಲಿ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಇದಕ್ಕೆ ಲಸಿಕೆ ಸಿದ್ಧವಾಯಿತು. ಮರಿ ಹುಟ್ಟಿದ ವಾರದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ಆರೆಂಟು ವಾರಕ್ಕೆ ಇನ್ನೊಂದು ಲಸಿಕೆಯ ಚುಚ್ಚುಮದ್ದು. ಇಷ್ಟೇ ಮುಂಜಾಗ್ರತೆ. ಆದರೆ ಲಸಿಕೆಯನ್ನು ತಂಪಾಗಿ ಇಡಬೇಕು; ಒಂದು ಬಾಟಲಿ ಕರಗಿಸಿದರೆ ನೂರಾರು ಕೋಳಿಗೆ ಆಗುತ್ತದೆ, ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಐದು ಕೋಳಿ ಇದ್ದವಳು ಒಬ್ಬಳೇ ಏನು ಮಾಡಿಯಾಳು? ಓಣಿಯ ಗೂಡುಗಳೆಲ್ಲ ಒಂದೇ ದಿನ ತೆರೆದರೆ ಮಾತ್ರ ಆಗುವ ಕೆಲಸ ಇದು. ಲಸಿಕೆ ಬಂದು ಎಂಬತ್ತು ವರ್ಷ ಸಮೀಪಿಸಿದರೂ ಹಿತ್ತಲ ಕೋಳಿಗೆ ಈ ರೋಗ ಇನ್ನೂ ಯಮನಾಗಿರುವುದು ಇದೇ ಕಾರಣಕ್ಕೆ.

ಸ್ವಾತಂತ್ರ್ಯದ ನಂತರ ಸರಕಾರದ ಕಣ್ಣು ಗೂಡಿನ ಮೇಲೆ ಬಿತ್ತು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಅರವತ್ತರ ದಶಕದಲ್ಲಿ ಯುನಿಸೆಫ್ ನೆರವಿನ ಅನ್ವಯಿಕ ಪೌಷ್ಟಿಕ ಆಹಾರ ಕಾರ್ಯಕ್ರಮ ಹಳ್ಳಿಗಳಲ್ಲಿ ಕೋಳಿ ಘಟಕಗಳನ್ನು ತೆರೆಯಿತು. ಬಂದ ಕೋಳಿ ಬಿಳಿ ಲೆಗ್‌ಹಾರ್ನ್. ನಾಟಿ ಹ್ಯಾಟಿಗಿಂತ ಮೂರು ಪಟ್ಟು ತತ್ತಿ ಇಡುವ ತಳಿ. ಆದರೆ ಅದಕ್ಕೆ ಕಾವಿಗೆ ಕೂರುವ ಗುಣವೇ ಇರಲಿಲ್ಲ. ಮರಿ ಬೇಕಾದರೆ ಮತ್ತೆ ಕೊಂಡು ತರಬೇಕು. ತಿಪ್ಪೆ ಕೆದರಿ ಹೊಟ್ಟೆ ತುಂಬಿಸಿಕೊಂಡರೆ ಅಷ್ಟು ತತ್ತಿ ಬಾರದು, ಚೀಲದ ಆಹಾರ ಬೇಕು. ಮೇಲಾಗಿ ಕಪ್ಪು ಮಣ್ಣಿನ ಮೇಲೆ ಅಚ್ಚ ಬಿಳಿಯ ಹಕ್ಕಿ, ಹದ್ದಿಗೆ ಮೈಲಿ ದೂರದಿಂದ ಕಾಣುವಂತಿತ್ತು. ಲೆಗ್‌ಹಾರ್ನ್ ಹಿತ್ತಲಲ್ಲಿ ನೆಲೆ ನಿಲ್ಲಲಿಲ್ಲ, ಶೆಡ್ಡಿಗೆ ಹೋಯಿತು. ಅಲ್ಲಿ ಅದು ಗೆದ್ದಿತು. ಪುಣೆಯಲ್ಲಿ 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಆರಂಭಿಸಿದ ಬಿ.ವಿ. ರಾವ್ ಅವರ ಮುಂದಾಳತ್ವದಲ್ಲಿ 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿಕೊಂಡಿತು. ಸಂತೆಯಲ್ಲಿ ಬುಟ್ಟಿ ಹಿಡಿದು ಕುಳಿತವಳು ಹೇಳುತ್ತಿದ್ದ ದರವನ್ನು ಅಂದಿನಿಂದ ಪೇಟೆಯ ದರ ನಿರ್ಧರಿಸತೊಡಗಿತು.

ಹಿತ್ತಲಿಗೆ ಒಗ್ಗುವ ಸುಧಾರಿತ ಕೋಳಿ ಬಂದದ್ದು ಬೆಂಗಳೂರಿನಿಂದ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಕೋಳಿ ವಿಜ್ಞಾನಿಗಳು 1980ರ ದಶಕದ ಕೊನೆಯಲ್ಲಿ 'ಗಿರಿರಾಜ'ವನ್ನು ಬಿಡುಗಡೆ ಮಾಡಿದರು. 2005ರಲ್ಲಿ 'ಸ್ವರ್ಣಧಾರಾ' ಬಂತು. ಹೈದರಾಬಾದಿನ ಕೇಂದ್ರ ಸಂಸ್ಥೆಯ 'ವನರಾಜ', 'ಗ್ರಾಮಪ್ರಿಯ'ಗಳೂ ಈ ಬಗೆಯವೇ. ಗಿರಿರಾಜದ ಮೈಬಣ್ಣ ನಾಟಿ ಕೋಳಿಯಂತೆ ಹಲವು ಬಗೆ, ವರ್ಷಕ್ಕೆ 130ರಿಂದ 150 ತತ್ತಿ, ಬೆಕ್ಕು ಸುಲಭವಾಗಿ ಎತ್ತಿಕೊಂಡು ಹೋಗಲಾಗದಷ್ಟು ಭಾರ. ಕೊರತೆಯೂ ಇತ್ತು: ಇದೂ ಕಾವಿಗೆ ಸರಿಯಾಗಿ ಕೂರದು. ಹಳ್ಳಿಯವರು ಅದಕ್ಕೆ ಉಪಾಯ ಕಂಡುಕೊಂಡರು. ಗಿರಿರಾಜದ ತತ್ತಿಗಳನ್ನು ನಾಟಿ ಹ್ಯಾಟಿಯ ಕೆಳಗಿಟ್ಟರು. ತನ್ನದಲ್ಲದ ಮರಿಗಳನ್ನು ಆ ಹ್ಯಾಟಿ ಯಾವ ತಕರಾರೂ ಇಲ್ಲದೆ ಮೇಯಿಸಿಕೊಂಡು ಬಂತು.

ಹಕ್ಕಿ ದೊಡ್ಡದಾದಾಗ ಹಳೆಯ ಗೂಡು ಸಾಲದಾಯಿತು. ಕಂಡಿ ಕಿರಿದು, ಒಳಗೆ ಉಸಿರು ಕಟ್ಟುವ ಹಿಕ್ಕೆಯ ವಾಸನೆ. ಹೊಸ ಗೂಡು ಹೇಗಿರಬೇಕೆಂಬ ಪಾಠ ಇಂದು ಪಶು ಆಸ್ಪತ್ರೆಗಳಲ್ಲಿ ಸಿಗುತ್ತದೆ. ಹತ್ತು ಕೋಳಿಯ ರಾತ್ರಿ ವಾಸಕ್ಕೆ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ ಸಾಕು. ಅಂದರೆ ಕೋಳಿಗೆ ಚದರ ಅಡಿಗಿಂತ ತುಸು ಹೆಚ್ಚು. ನೆಲದಿಂದ ಎರಡು ಅಡಿ ಮೇಲೆ ಕಾಲುಗಳ ಮೇಲೆ ನಿಲ್ಲಿಸಬೇಕು. ತಳಕ್ಕೆ ಬಿದಿರಿನ ದಬ್ಬೆಗಳನ್ನು ಸಂದು ಬಿಟ್ಟು ಹಾಕಿದರೆ ಹಿಕ್ಕೆ ಕೆಳಗೆ ಬಿದ್ದು ಗೊಬ್ಬರವಾಗುತ್ತದೆ. ಉದ್ದನೆಯ ಬದಿ ಪೂರ್ವ ಪಶ್ಚಿಮವಾಗಿದ್ದರೆ ಬಿಸಿಲು ನೇರ ಒಳಗೆ ಹೊಗದು. ಎರಡು ಬದಿಗೆ ಜಾಳಿಗೆ, ಮಳೆಗಾಲಕ್ಕೆ ಗೋಣಿ ತಟ್ಟಿನ ಪರದೆ, ಮೇಲೆ ಪತ್ರಾ, ಅದರ ಮೇಲೆ ಬಿಸಿಲು ತಡೆಯಲು ರವದಿ. ಕೂರಲು ಅಡ್ಡ ಕೋಲು. ಅದರ ಮೇಲೆ ಒಂದು ಕೋಳಿಗೆ ಎಂಟು ಅಂಗುಲ ಜಾಗ. ಐದು ಹ್ಯಾಟಿಗೆ ಒಂದರಂತೆ ತತ್ತಿಯ ಪೆಟ್ಟಿಗೆ. ಹಗಲು ಅಡ್ಡಾಡಲು ಹೊರಗೆ ಕೋಳಿಗೆ ಕನಿಷ್ಠ ಹತ್ತು ಚದರ ಅಡಿ ಬೇಲಿಯೊಳಗಿನ ಜಾಗ, ಅದರಲ್ಲೊಂದು ಮರದ ನೆರಳಿದ್ದರೆ ಒಳ್ಳೆಯದು.

ಬೇಲಿಗೆ ಬಳಸುವ ಆರು ಮೂಲೆಯ ಕಣ್ಣಿನ ತಂತಿ ಜಾಳಿಗೆಗೂ ಒಂದು ಚರಿತ್ರೆ ಇದೆ. ಇಂಗ್ಲೆಂಡಿನ ನಾರ್ವಿಚ್ ಪಟ್ಟಣದ ಚಾರ್ಲ್ಸ್ ಬರ್ನಾರ್ಡ್ 1844ರಲ್ಲಿ, ಬಟ್ಟೆ ನೇಯುವ ಮಗ್ಗವನ್ನು ಅನುಸರಿಸಿ ತಂತಿ ನೇಯುವ ಯಂತ್ರ ಮಾಡಿದ. ಬೇಲಿ ಜಗತ್ತಿನಾದ್ಯಂತ ಹಬ್ಬಿತು. ಆದರೆ ಈ ಜಾಳಿಗೆ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆಯೇ ಹೊರತು ಮುಂಗುಸಿ ಒಳಗೆ ಬರುವುದನ್ನು ತಡೆಯುವುದಿಲ್ಲ. ಅದು ಬುಡದಲ್ಲಿ ತೋಡಿಕೊಂಡು ಬರುತ್ತದೆ. ಜಾಳಿಗೆಯನ್ನು ಒಂದು ಅಡಿ ನೆಲದೊಳಗೆ ಹೂಳಬೇಕು. ರಾತ್ರಿಯ ಗೂಡಿಗೆ ಅರ್ಧ ಅಂಗುಲ ಕಣ್ಣಿನ ಬೆಸೆದ ಜಾಳಿಗೆಯೇ ಬೇಕು. ಹೇನಿನ ಕಾಟಕ್ಕೆ ಬೂದಿಯ ಗುಂಡಿ ಉಂಟು, ಕೋಳಿ ಅದರಲ್ಲಿ ತಾನೇ ಹೊರಳಾಡಿಕೊಳ್ಳುತ್ತದೆ. ಅಮೆರಿಕದ ರೈತರು ಒಂದು ಕಾಲಕ್ಕೆ ಹೇನು ಸಾಯಲೆಂದು ತಂಬಾಕಿನಿಂದ ತೆಗೆದ ನಿಕೋಟಿನ್ ಸಲ್ಫೇಟನ್ನು ಕೋಳಿ ಕೂರುವ ಕೋಲಿಗೆ ಬಳಿಯುತ್ತಿದ್ದರು. ಮನುಷ್ಯರಿಗೂ ಕಡು ವಿಷವಾದ ಅದು ಬಳಕೆಯಿಂದ ಹೋಗಿದೆ. ತಂಬಾಕಿನ ನಿಪ್ಪಾಣಿಯಲ್ಲಿ ಬೂದಿಯೇ ಸಾಕಾಗಿದೆ.

ಮಾರುಕಟ್ಟೆಯ ಗಾಳಿಗೂ ಹಿತ್ತಲಿನ ಗೂಡಿಗೂ ಸಂಬಂಧವಿಲ್ಲವೆಂದು ಹೇಳುವಂತಿಲ್ಲ. 2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಭಾರತದ ಮೊದಲ ಹಕ್ಕಿಜ್ವರ ಕಾಣಿಸಿಕೊಂಡಾಗ ಫಾರಂಗಳ ಜೊತೆಗೆ ಸುತ್ತಲಿನ ಮನೆಗಳ ಕೋಳಿಗಳನ್ನೂ ಕೊಲ್ಲಲಾಯಿತು. 2020ರ ಮಾರ್ಚಿನಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆಂಬ ಸುಳ್ಳು ಸುದ್ದಿ ಹಬ್ಬಿ ದರ ಕುಸಿದಾಗ, ಪಕ್ಕದ ಗೋಕಾಕ ತಾಲ್ಲೂಕಿನ ರೈತರೊಬ್ಬರು ಸಾವಿರಾರು ಫಾರಂ ಕೋಳಿಗಳನ್ನು ಗುಂಡಿ ತೋಡಿ ಹೂಳಿದ್ದು ದೇಶದಾದ್ಯಂತ ಸುದ್ದಿಯಾಯಿತು. ಚೀಲದ ಆಹಾರ ತಿನ್ನುವ ಕೋಳಿಯನ್ನು ದರ ಬಿದ್ದ ದಿನ ಸಾಕಲಾಗದು. ತಿಪ್ಪೆ ಕೆದರುವ ಕೋಳಿಗೆ ದರದ ಚಿಂತೆ ಇಲ್ಲ. ಹಿತ್ತಲ ಕೋಳಿ ಮುಗಿದೇಹೋಯಿತು ಎನ್ನುವವರ ಮಾತನ್ನು ಅಂಕಿ ಅಂಶ ಒಪ್ಪುವುದಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ 85 ಕೋಟಿ ಕೋಳಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಿನವು. 2012ರಲ್ಲಿ ಅವು 21.7 ಕೋಟಿಯಷ್ಟಿದ್ದವು.

ಜನ್ನನ ಕಾಲದ ವಾದವೂ ಮುಗಿದಿಲ್ಲ. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡುವುದನ್ನು ಕರ್ನಾಟಕ ಸರಕಾರ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಮಕ್ಕಳಿಂದ ಆರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ನಂತರ ಯೋಜನೆ ಇಡೀ ರಾಜ್ಯಕ್ಕೆ ಬಂತು. ಮೊಟ್ಟೆ ಒಲ್ಲದ ಮಕ್ಕಳಿಗೆ ಬಾಳೆಹಣ್ಣು. ಎರಡೂ ಬಗೆಯ ಮನೆಗಳ ಮಕ್ಕಳು ಒಂದೇ ಸಾಲಿನಲ್ಲಿ ಕೂರುವ ಈ ಸೀಮೆಯ ಶಾಲೆಗಳಲ್ಲಿ, ಓಣಿಗಳ ನಡುವಿನ ಹಳೆಯ ಗೆರೆ ಈಗ ಊಟದ ತಟ್ಟೆಗಳ ನಡುವೆ ಹಾದುಹೋಗುತ್ತದೆ.

ಗೂಡನ್ನು ಎತ್ತರಿಸಬೇಕೆಂಬ ಪಾಠವನ್ನು ಈ ತಾಲ್ಲೂಕುಗಳಿಗೆ ಪಶುವೈದ್ಯರಿಗಿಂತ ಖಾರವಾಗಿ ಕಲಿಸಿದ್ದು ಹೊಳೆ. 2005ರಲ್ಲಿ, 2019ರ ಆಗಸ್ಟಿನಲ್ಲಿ, ಮತ್ತೆ 2021ರಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ದಂಡೆ ಮೀರಿ ಬಂದವು. ಯಡೂರ, ಕಲ್ಲೋಳ, ಮಾಂಜರಿ, ಕುಡಚಿ, ಜುಗೂಳಗಳಂಥ ನದಿಯಂಚಿನ ಊರುಗಳಲ್ಲಿ ನೀರು ಬರುವ ಸುದ್ದಿ ತಿಳಿದೊಡನೆ ದನ ಎಮ್ಮೆಗಳನ್ನು ಹೊಡೆದುಕೊಂಡು ಎತ್ತರದ ಜಾಗಕ್ಕೆ ಹೋಗಬಹುದು. ಕೋಳಿಯನ್ನು ಹೊಡೆದುಕೊಂಡು ಹೋಗಲಾಗದು. ಹಿಡಿದು, ಕಾಲು ಕಟ್ಟಿ, ಬುಟ್ಟಿಯಲ್ಲಿ ಹೊರಬೇಕು. ಹಾಗೆ ಹೊರುವಾಗ ಹಳೆಯ ಮೇದಾರ ಬುಟ್ಟಿಯೇ ಕೆಲಸಕ್ಕೆ ಬರುತ್ತದೆ. ಗೋಡೆಗೆ ಕಟ್ಟಿದ ಕಲ್ಲು ಮಣ್ಣಿನ ಗೂಡು ಅಲ್ಲೇ ಕರಗಿಹೋಗುತ್ತದೆ.

ನೀರು ಇಳಿದ ಮೇಲೆ ಲೆಕ್ಕ ಬರೆಯುವವರು ಬರುತ್ತಾರೆ. ವಿಪತ್ತು ಪರಿಹಾರ ನಿಧಿಯ ಕೇಂದ್ರ ಸರಕಾರದ ನಿಯಮದಲ್ಲಿ ಸತ್ತ ಕೋಳಿಗೆ ಪರಿಹಾರವಿದೆ. 2019ರ ಪ್ರವಾಹದ ಕಾಲಕ್ಕೆ ಜಾರಿಯಲ್ಲಿದ್ದ ದರ ಕೋಳಿಗೆ 50 ರೂಪಾಯಿ, ಒಂದು ಕುಟುಂಬಕ್ಕೆ ಹೆಚ್ಚೆಂದರೆ 5,000 ರೂಪಾಯಿ. 2022ರಲ್ಲಿ ಅದನ್ನು 100 ಮತ್ತು 10,000 ರೂಪಾಯಿಗೆ ಏರಿಸಲಾಯಿತು. ಪೂರ್ಣ ಬಿದ್ದ ಮನೆಗೆ, ಭಾಗಶಃ ಬಿದ್ದ ಮನೆಗೆ, ಗುಡಿಸಲಿಗೆ, ಮನೆಗೆ ಹೊಂದಿಕೊಂಡ ದನದ ಕೊಟ್ಟಿಗೆಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ದರಗಳಿವೆ. ಕೋಳಿ ಗೂಡಿಗೆ ಸಾಲು ಇಲ್ಲ. ನೀರು ಒಣಗಿದ ಮೇಲೆ ಅದನ್ನು ಮನೆಯಾಕೆಯೇ ಮತ್ತೆ ಕಟ್ಟಿಕೊಳ್ಳುತ್ತಾಳೆ, ಈ ಸಲ ಒಂದು ಅಡಿ ಎತ್ತರಕ್ಕೆ.